ನಿಂತ ಲಾರಿಯ ಹೊತ್ತು

ದೂರದೂರಿಗೆ ಲಾರಿ ಓಡಿಸುವವರ ಒಂಟಿತನದ ಮಾತು ಬಂದರೆ ಮನಸ್ಸಿಗೆ ಮೊದಲು ಬರುವುದು ರಾತ್ರಿಯ ಹೆದ್ದಾರಿ, ಹೆಡ್‌ಲೈಟಿನ ಬೆಳಕು, ಸ್ಟೇರಿಂಗ್ ಹಿಂದೆ ಒಬ್ಬನೇ ಕೂತ ಮನುಷ್ಯ. ಹಾಗೆ ಕಲ್ಪಿಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಗಾಡಿ ಓಡುತ್ತಿರುವಷ್ಟು ಹೊತ್ತು ಡ್ರೈವರನ ಕೈ, ಕಾಲು, ಕಣ್ಣು, ಕಿವಿಗಳಿಗೆ ಬಿಡುವೇ ಇರುವುದಿಲ್ಲ. ಮುಂದಿನ ಗಾಡಿ ಯಾವಾಗ ಬ್ರೇಕ್ ಹಾಕೀತು, ಹಿಂದಿನ ಟೈರಿನ ಸದ್ದು ಯಾಕೆ ಬದಲಾಯಿತು, ಶಿರಾಡಿ ಘಾಟಿ ಇಳಿಯುವಾಗ ಬರುವ ಸುಟ್ಟ ವಾಸನೆ ತನ್ನ ಬ್ರೇಕ್ ಲೈನರಿನದೋ ಮುಂದಿನವನದೋ ಎಂಬುದರಲ್ಲೇ ಅವನ ಮನಸ್ಸು ತುಂಬಿರುತ್ತದೆ. ಈ ಕೆಲಸವನ್ನು ಮೆಚ್ಚಿ ಮಾಡುವವರು ಹೇಳಿಕೊಳ್ಳುವ ಸ್ವಾತಂತ್ರ್ಯವೂ ಆ ಹೊತ್ತಿನದೇ. ಒಂಟಿತನ ಅವನ ಮೇಲೆ ಬಂದು ಕೂರುವುದು ಗಾಡಿ ನಿಂತಾಗ. ಹಾಗಾಗಿ ಬೇಸರ ಕಳೆಯುವ ದಾರಿಗಳನ್ನು ಡ್ರೈವರನಿಗೆ ಹೇಳಿಕೊಡುವ ಮೊದಲು, ಲಾರಿ ಯಾಕೆ ಅಷ್ಟು ಹೊತ್ತು ನಿಲ್ಲುತ್ತದೆ, ಆ ಹೊತ್ತಿಗೆ ಹೊಣೆ ಯಾರು ಎಂದು ಕೇಳಬೇಕು ಎನ್ನುವುದು ನನ್ನ ವಾದ.

ಯಾವುದಾದರೂ ದೊಡ್ಡ ಕಾರ್ಖಾನೆಯ ಗೇಟಿನ ಮುಂದಿನ ಸಾಲನ್ನು ನೋಡಿ. ಬೆಳಿಗ್ಗೆ ಬಂದವನಿಗೆ ಟೋಕನ್ ಸಿಗುತ್ತದೆ. ಅವನ ನಂಬರು ಬರುವ ಹೊತ್ತಿಗೆ ಹಮಾಲರು ಊಟಕ್ಕೆ ಹೋಗಿರುತ್ತಾರೆ, ಅವರು ಬರುವಷ್ಟರಲ್ಲಿ ಗೋದಾಮಿನಲ್ಲಿ ಜಾಗವಿಲ್ಲ, ಜಾಗ ಆಗುವಷ್ಟರಲ್ಲಿ ಬಾಗಿಲು ಹಾಕುವ ಸಮಯ, ಇನ್ನು ನಾಳೆ. ಅಲ್ಲಿಯವರೆಗೆ ಅವನು ಗಾಡಿ ಬಿಟ್ಟು ಕದಲುವಂತಿಲ್ಲ. ಟ್ಯಾಂಕಿನ ಡೀಸೆಲ್, ಬ್ಯಾಟರಿ, ಸ್ಟೆಪ್ನಿ, ಟಾರ್ಪಾಲು ಎಲ್ಲಕ್ಕೂ ಅವನೇ ಕಾವಲು. ನಿದ್ದೆ ಮಾಡೋಣವೆಂದರೆ ಸಾಲು ಆಗಾಗ ಒಂದೊಂದು ಲಾರಿಯಷ್ಟು ಮುಂದಕ್ಕೆ ಜರುಗುತ್ತದೆ, ಆಗ ಎದ್ದು ಜರುಗಿಸದಿದ್ದರೆ ಹಿಂದಿನವನು ಒಳಗೆ ನುಗ್ಗುತ್ತಾನೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಏರಿದಾಗ, ಮಂಡ್ಯ, ಬೆಳಗಾವಿ ಕಡೆ ಕಬ್ಬು ಅರೆಯುವ ಹಂಗಾಮಿನಲ್ಲಿ ಇಂಥ ಸಾಲುಗಳು ಹೊಸತೇನಲ್ಲ. ಮಾಲು ಇಳಿಸಿದ ಮೇಲೆ ಇನ್ನೊಂದು ಕಾಯುವಿಕೆ, ಅದು ರಿಟರ್ನ್ ಲೋಡಿನದು. ಪರ ಊರಿನ ಟ್ರಾನ್ಸ್‌ಪೋರ್ಟ್ ಆಫೀಸಿನ ಬೆಂಚಿನ ಮೇಲೆ, ಭಾಷೆ ಬಾರದ ಕಡೆ, ಒಂದು ದಿನವೋ ಮೂರು ದಿನವೋ ಯಾರೂ ಹೇಳಲಾರರು. ಟ್ರಿಪ್ಪಿನ ಲೆಕ್ಕದಲ್ಲಿ ದುಡಿಯುವವನಿಗೆ ಇದರಲ್ಲಿ ಸಂಬಳವಿಲ್ಲ, ರಜೆಯೂ ಅಲ್ಲದ ಕಾರಣ ನೆಮ್ಮದಿಯಿಲ್ಲ. ಮಾಲಿನ ಕಡೆಗಾದರೆ ಸರ್ಕಾರದ ಗಡಿಯಾರವಿದೆ. 2021ರಿಂದ ಇ-ವೇ ಬಿಲ್ಲಿನ ಅವಧಿ 200 ಕಿಲೋಮೀಟರಿಗೆ ಒಂದು ದಿನ, ಅದರೊಳಗೆ ಸರಕು ಮುಟ್ಟಬೇಕು. ಮುಟ್ಟಿದ ಸರಕನ್ನು ಎಷ್ಟು ಗಂಟೆಯೊಳಗೆ ಇಳಿಸಿಕೊಳ್ಳಬೇಕು ಎಂದು ಆ ಬಿಲ್ಲು ಹೇಳುವುದಿಲ್ಲ.

ಹಿಂದೆ ಈ ಕಾಯುವಿಕೆಯಲ್ಲಿ ಇನ್ನೊಬ್ಬ ಇರುತ್ತಿದ್ದ. ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಕನಿಷ್ಠ ಇಬ್ಬರು ಡ್ರೈವರುಗಳಿರಬೇಕು, ಒಬ್ಬನು ಕಾಲು ಚಾಚಿ ಮಲಗಲು ಸೀಟಿನ ಹಿಂದೆ ಕ್ಯಾಬಿನ್ನಿನ ಪೂರ್ತಿ ಅಗಲದ ಜಾಗವಿರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇತ್ತು. 2018ರ ತಿದ್ದುಪಡಿಯಲ್ಲಿ ಇಬ್ಬರ ಕಡ್ಡಾಯ ಹೋಯಿತು. ಕ್ಲೀನರ್ ಕತೆಯೂ ಅಷ್ಟೇ. ಗಾಜು ಒರೆಸುತ್ತ, ರಿವರ್ಸ್ ತೆಗೆಯುವಾಗ ಕೂಗಿ ಹೇಳುತ್ತ, ಟೈರ್ ಬಡಿದು ಗಾಳಿ ನೋಡುತ್ತ ಕೆಲಸ ಕಲಿತ ಹುಡುಗನೇ ಮುಂದೆ ಡ್ರೈವರ್ ಆಗುತ್ತಿದ್ದ. ಅವನ ಊಟ, ಬಾಟಾ ಉಳಿಸಲು ಹೋಗಿ ಎಷ್ಟೋ ಮಾಲೀಕರು ಒಬ್ಬನನ್ನೇ ಕಳಿಸತೊಡಗಿದರು. ಆ ಹಳೆಯ ನಂಟನ್ನು ನಾನು ಹೊಗಳುತ್ತಿಲ್ಲ. ಕ್ಲೀನರ್ ಹುಡುಗರು ತಿಂದ ಏಟು, ಬೈಗುಳ ಕಡಿಮೆಯದಲ್ಲ. ಆದರೂ ಒಬ್ಬ ಗಾಡಿ ಕಾದರೆ ಇನ್ನೊಬ್ಬ ಸ್ನಾನಕ್ಕೆ ಹೋಗಬಹುದಿತ್ತು, ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಮಾತ್ರೆ ತರಬಹುದಿತ್ತು. ಆ ಅನುಕೂಲವನ್ನು ತೆಗೆದ ಮೇಲೆ ಅದರ ಜಾಗಕ್ಕೆ ಏನನ್ನೂ ತರಲಿಲ್ಲ. ಕೆಲಸದ ಗಂಟೆಗಳ ವಿಚಾರದಲ್ಲಿ ಕಾನೂನು ಬಹಳ ಹಿಂದೆಯೇ ಬಂತು. ದಿನಕ್ಕೆ ಎಂಟು ಗಂಟೆ, ದೂರದ ದಾರಿಗಾದರೆ ಹತ್ತರವರೆಗೆ, ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳಿತ್ತು. ಆದರೆ ಅದು ಅನ್ವಯವಾಗುತ್ತಿದ್ದುದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ನಮ್ಮಲ್ಲಿ ಒಂದೆರಡು ಲಾರಿ ಇಟ್ಟುಕೊಂಡ ಮಾಲೀಕರೇ ಹೆಚ್ಚು. ಕಾನೂನಿನ ನೆರಳು ಬೇಕಾದವನ ಮೇಲೆಯೇ ಅದು ಬೀಳಲಿಲ್ಲ.

ಈಗ ಮೊಬೈಲ್ ಇದೆಯಲ್ಲ, ಇನ್ನೆಂಥ ಒಂಟಿತನ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ವಾರಕ್ಕೊಮ್ಮೆ ಎಸ್‌ಟಿಡಿ ಬೂತಿನ ಮುಂದೆ ನಿಂತು ಮೀಟರ್ ನೋಡುತ್ತ ಮಾತಾಡುತ್ತಿದ್ದವರಿಗೆ ಹೋಲಿಸಿದರೆ, ಮಗಳ ಹೋಂವರ್ಕನ್ನು ವಿಡಿಯೋ ಕಾಲಿನಲ್ಲಿ ನೋಡುವ ಇಂದಿನ ಡ್ರೈವರನ ಸ್ಥಿತಿ ಎಷ್ಟೋ ಮೇಲು. ಆದರೆ ಅದೇ ಫೋನಿನಲ್ಲಿ ಓನರೂ ಇದ್ದಾರೆ, ಟ್ರಾನ್ಸ್‌ಪೋರ್ಟಿನವರೂ ಇದ್ದಾರೆ, ಗಾಡಿ ಎಲ್ಲಿ ನಿಂತಿದೆ ಎಂದು ಜಿಪಿಎಸ್ ನೋಡಿ ಕೇಳುವವರೂ ಇದ್ದಾರೆ. ಮನೆಯವರ ಜೊತೆ ಹತ್ತು ನಿಮಿಷ ಮಾತಾಡಿದ ಮೇಲೆ ಉಳಿಯುವ ಆರೇಳು ಗಂಟೆಗಳನ್ನು ರೀಲ್ಸ್ ತಿನ್ನುತ್ತದೆ, ಜೊತೆಗೆ ರಾತ್ರಿ ಓಡಿಸಬೇಕಾದವನ ನಿದ್ದೆಯನ್ನೂ ತಿನ್ನುತ್ತದೆ. ದೂರದಲ್ಲಿರುವವರ ಮುಖವನ್ನು ಫೋನು ತೋರಿಸೀತು, ಪಕ್ಕದಲ್ಲಿ ಒಬ್ಬರನ್ನು ತಂದು ಕೂರಿಸಲಾರದು.

ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳುವ ಉಪಾಯವನ್ನು ಡ್ರೈವರುಗಳೇ ಎಂದೋ ಕಂಡುಕೊಂಡಿದ್ದಾರೆ, ಅದು ಅಡುಗೆ. ಲಾರಿಯ ಪಕ್ಕಕ್ಕೆ ಬಿಗಿದ ಪೆಟ್ಟಿಗೆಯ ಬಾಗಿಲು ಇಳಿಸಿದರೆ ಅದೇ ಕಟ್ಟೆಯಾಗುತ್ತದೆ. ಒಳಗೆ ಸಣ್ಣ ಸ್ಟೌ, ಮಸಿ ಹಿಡಿದ ಕುಕ್ಕರು, ಮಡಿಸಿಟ್ಟ ಪೇಪರಿನಲ್ಲಿ ಸಾರಿನ ಪುಡಿ, ಹುಣಸೆಹಣ್ಣು. ಗಾಳಿ ಬೀಸುವ ಕಡೆಗೆ ಟಾರ್ಪಾಲಿನ ತುದಿ ಇಳಿಬಿಟ್ಟು, ಹಿಂದಿನ ಟೈರುಗಳ ಮರೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಮೊಣಕಾಲಿನ ಮೇಲೆ ತಟ್ಟೆ ಇಟ್ಟುಕೊಂಡು ಈರುಳ್ಳಿ ಹೆಚ್ಚುತ್ತಾರೆ. ಹೋಟೆಲಿನ ಖರ್ಚು ಉಳಿಯುತ್ತದೆ, ಹೊಟ್ಟೆಗೆ ಒಗ್ಗಿದ ಊಟ ಸಿಗುತ್ತದೆ ಎಂಬುದು ಮೇಲಿನ ಕಾರಣ. ಒಳಗಿನ ಕಾರಣ ಇನ್ನೊಂದಿದೆ: ಒಬ್ಬನಿಗಾಗಿ ಅಡುಗೆ ಮಾಡುವುದಕ್ಕಿಂತ ಮೂವರಿಗೆ ಮಾಡುವುದು ಸುಲಭ. ನಾಮಕ್ಕಲ್ ಕಡೆಯವನ ಅಕ್ಕಿಗೆ ದಾವಣಗೆರೆಯವನ ಬೇಳೆ ಸೇರುತ್ತದೆ, ಪಂಜಾಬಿನವನು ಗೋಧಿಹಿಟ್ಟು ತರುತ್ತಾನೆ. ಯಾವ ಗೇಟಿನಲ್ಲಿ ಬೇಗ ಬಿಡುತ್ತಾರೆ, ಯಾವ ಘಾಟಿಯಲ್ಲಿ ಗುಡ್ಡ ಜರಿದಿದೆ ಎಂಬ ಸುದ್ದಿಯೂ ಅಲ್ಲೇ ಹಂಚಿಕೆಯಾಗುತ್ತದೆ. ಕಾಯುವ ಹೊತ್ತಿಗೆ ಒಂದು ಆದಿ, ಒಂದು ಅಂತ್ಯ, ನಡುವೆ ಕೈಕೆಲಸ ಸಿಕ್ಕರೆ ಅದು ತನ್ನ ಹೊತ್ತಾಗುತ್ತದೆ. ಜಾರ್ಖಂಡಿನ ಒಬ್ಬ ಡ್ರೈವರು ದಾರಿಯಲ್ಲಿ ಮಾಡುವ ಇಂಥದೇ ಅಡುಗೆಯ ವಿಡಿಯೋಗಳನ್ನು ಲಕ್ಷಾಂತರ ಜನ ನೋಡುತ್ತಾರೆ. ನೋಡುವವರಲ್ಲಿ ಎಷ್ಟು ಜನ ಆ ಲಾರಿ ನಿಲ್ಲಲು ನೆರಳಿರುವ, ನೀರಿರುವ ಜಾಗ ಬೇಕೆಂದು ಯೋಚಿಸಿದ್ದಾರೋ.

ಜಾಗದ ಮಾತು ಬಂದಾಗ ಅಂಕೋಲಾ ಬಳಿಯ ಶಿರೂರನ್ನು ನೆನೆಯದೆ ಇರಲಾಗುವುದಿಲ್ಲ. 2024ರ ಜುಲೈ 16ರಂದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ, ರಸ್ತೆ ಬದಿಯ ಚಹಾದ ಹೋಟೆಲಿನ ಹತ್ತಿರ ನಿಂತಿದ್ದ ಗಾಡಿಗಳು ಗಂಗಾವಳಿ ನದಿಗೆ ಬಿದ್ದವು. ಹೋಟೆಲ್ ನಡೆಸುತ್ತಿದ್ದ ಕುಟುಂಬವೂ ಮಣ್ಣಿನಡಿ ಹೋಯಿತು. ಕೇರಳದ ಡ್ರೈವರೊಬ್ಬರ ಲಾರಿ ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ. ಗುಡ್ಡದ ಬುಡದಲ್ಲಿ ಅವರು ಯಾಕೆ ನಿಲ್ಲಿಸಿದರು ಎಂದು ಕೇಳುವುದು ಸುಲಭ. ಬಿಸಿ ಚಹಾ, ನೀರು, ಮುಖ ನೋಡಿ ಮಾತಾಡಿಸುವ ಮನೆಮಂದಿ ಇರುವ ಕಡೆ ಡ್ರೈವರುಗಳು ನಿಲ್ಲಿಸುತ್ತಾರೆ. ನಕ್ಷೆಯಲ್ಲಿ ಗೆರೆ ಎಳೆದು ಮಾಡಿದ ಬರಿಯ ಲೇ-ಬೈ ಆ ಸೆಳೆತಕ್ಕೆ ಸಮನಾಗದು. ಸುರಕ್ಷಿತ ನಿಲ್ದಾಣ ಕಟ್ಟುವವರು ಮನುಷ್ಯರ ಒಡನಾಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಆ ನಿಲ್ದಾಣ ಖಾಲಿ ಉಳಿಯುತ್ತದೆ.

ಡ್ರೈವರುಗಳು ಎಲ್ಲಿ ಕಾಯುತ್ತಾರೆ ಎಂಬುದು ಈ ದೇಶಕ್ಕೆ ಗೊತ್ತಿಲ್ಲದ ಸಂಗತಿಯೂ ಅಲ್ಲ. ಎಚ್‌ಐವಿ ಹರಡುತ್ತಿದ್ದಾಗ ಲಾರಿಯವರನ್ನು ಸೋಂಕು ದಾಟಿಸುವ 'ಸೇತುವೆ ಸಮುದಾಯ' ಎಂದು ಗುರುತಿಸಲಾಯಿತು. 2003ರಲ್ಲಿ ಶುರುವಾದ ಗೇಟ್ಸ್ ಫೌಂಡೇಶನ್ನಿನ 'ಆವಾಹನ್' ಯೋಜನೆಯಡಿ ಟಿಸಿಐ ಫೌಂಡೇಶನ್ ಹೆದ್ದಾರಿಯ ದೊಡ್ಡ ತಂಗುದಾಣಗಳಲ್ಲಿ 'ಖುಷಿ' ಕ್ಲಿನಿಕ್ಕುಗಳನ್ನು ತೆರೆಯಿತು. ಅದು ಒಳ್ಳೆಯ ಕೆಲಸವೇ, ಅದರಿಂದ ಜೀವಗಳು ಉಳಿದವು. ಆದರೆ ತಿಂಗಳುಗಟ್ಟಲೆ ಮನೆ ಬಿಟ್ಟವನ ಒಂಟಿತನ ನಮ್ಮ ಗಮನಕ್ಕೆ ಬರಲು ಅದರಿಂದ ಇನ್ನೊಬ್ಬರಿಗೆ ರೋಗ ತಗಲುವ ಭಯ ಹುಟ್ಟಬೇಕಾಯಿತು ಎಂಬುದು ನನ್ನನ್ನು ನೋಯಿಸುತ್ತದೆ. ಅಂದು ಕ್ಲಿನಿಕ್ಕಿಗೆ ಜಾಗ ಹುಡುಕಿದವರಿಗೆ ಇಂದು ಒಂದು ಬಚ್ಚಲು, ಒಂದು ನೆರಳು, ಗಾಡಿ ಕಾಯಲು ಒಬ್ಬ ವಾಚ್‌ಮನ್ ಒದಗಿಸುವುದು ಅಸಾಧ್ಯವಾಗಬಾರದು. ಪೆಟ್ರೋಲ್ ಬಂಕುಗಳಲ್ಲಿ ತೈಲ ಕಂಪನಿಗಳು ತೆರೆಯುತ್ತಿರುವ 'ಅಪ್ನಾ ಘರ್' ತಂಗುಮನೆಗಳು ಆ ದಿಕ್ಕಿನಲ್ಲಿವೆ.

ಸೌಲಭ್ಯಗಳೆಲ್ಲ ಇರುವ ಅಮೆರಿಕದಲ್ಲೂ ಡ್ರೈವರುಗಳು ಒಂಟಿತನ ಎನ್ನುತ್ತಾರಲ್ಲ, ಇದು ಕಸುಬಿನ ಗುಣವೇ ಇರಬೇಕು ಎನ್ನುವುದು ಇನ್ನೊಂದು ಆಕ್ಷೇಪ. ಅಲ್ಲಿ ಹತ್ತು ಗಂಟೆ ವಿರಾಮವಾದ ಮೇಲೆ ಹನ್ನೊಂದು ಗಂಟೆ ಮಾತ್ರ ಓಡಿಸಬಹುದು, ಮಲಗಲು ಸುಸಜ್ಜಿತ ಕ್ಯಾಬಿನ್ ಇದೆ, ನಿಜ. ಆದರೆ ಬಹುಪಾಲು ದೂರದ ಡ್ರೈವರುಗಳಿಗೆ ಕೂಲಿ ಮೈಲಿಯ ಲೆಕ್ಕದಲ್ಲಿ, ಗೋದಾಮಿನ ಮುಂದೆ ಕಾದದ್ದು ಎಷ್ಟೋ ಸಲ ಪುಕ್ಕಟೆ. ನಿಂತ ಹೊತ್ತಿಗೆ ಬೆಲೆಯಿಲ್ಲದ ಕಡೆ ಮೆತ್ತನೆಯ ಹಾಸಿಗೆಯೂ ಪೂರ್ತಿ ಸಮಾಧಾನ ಕೊಡದು ಎಂದೇ ನಾನು ಇದನ್ನು ಓದುತ್ತೇನೆ. ಯುರೋಪಿನ ಒಕ್ಕೂಟ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಾರದ ಪೂರ್ಣ ವಿಶ್ರಾಂತಿಯನ್ನು ಕ್ಯಾಬಿನ್ನಿನಲ್ಲಿ ಕಳೆಯುವಂತಿಲ್ಲ, ನಾಲ್ಕು ವಾರಕ್ಕೊಮ್ಮೆ ಊರಿಗೆ ಮರಳುವಂತೆ ಕೆಲಸ ಹೊಂದಿಸಬೇಕು ಎಂದು 2020ರಲ್ಲಿ ನಿಯಮ ತಂದಿತು. ನಮ್ಮಲ್ಲೂ ಪ್ರಯತ್ನವಾಗಿದೆ. 2014ರಲ್ಲಿ ಆರಂಭವಾದ ರಿವಿಗೊ ಕಂಪನಿ ಕೆಲವು ಗಂಟೆಗಳಿಗೊಮ್ಮೆ ಡ್ರೈವರನ್ನು ಬದಲಿಸಿ ಅದೇ ದಿನ ಮನೆಗೆ ಮರಳಿಸುವ ರಿಲೇ ಪದ್ಧತಿ ನಡೆಸಿತು. ಅದರ ವ್ಯವಹಾರದ ಮುಖ್ಯ ಭಾಗವೊಂದು 2022ರಲ್ಲಿ ಮಹೀಂದ್ರ ಲಾಜಿಸ್ಟಿಕ್ಸ್ ಕೈಸೇರಿದ್ದರಿಂದ ಇದು ಸುಲಭದ ದಾರಿಯಲ್ಲ ಎಂಬುದನ್ನು ಒಪ್ಪಬೇಕು. ಒಂದು ಲಾರಿಯ ಮಾಲೀಕನಿಂದಂತೂ ಆಗದ ಮಾತು. ಅವನ ಮೇಲೆಯೇ ಎಲ್ಲ ಹೊರೆ ಹಾಕಿದರೆ ಬಾಡಿಗೆ ಗಿಟ್ಟದೆ ಗಾಡಿ ಮಾರಿಬಿಡುತ್ತಾನೆ. ಆದ್ದರಿಂದ ಕಾಯಿಸಿದವರೇ ಕಾಯುವಿಕೆಗೆ ಹಣ ಕೊಡಬೇಕು, ಅದರಲ್ಲೊಂದು ಪಾಲು ಡ್ರೈವರನ ಕೈಗೆ ನೇರ ಸೇರಬೇಕು. ಹಾಲ್ಟಿಂಗ್ ಚಾರ್ಜು ಎಂಬುದು ವ್ಯವಹಾರದಲ್ಲಿ ಈಗಲೂ ಇದೆ, ಆದರೆ ಅದು ಸಿಗುವುದು ಚೌಕಾಸಿಯ ಬಲವಿದ್ದವರಿಗೆ.

2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಬಹಳ ತಡವಾಗಿ ಬಂದ ಒಳ್ಳೆಯ ನಿಯಮ. ಆದರೆ ಎಂಜಿನ್ನಿನಿಂದ ನಡೆಯುವ ಎಸಿ, ಎಂಜಿನ್ ಆಫ್ ಮಾಡಿದ ಕೂಡಲೇ ನಿಲ್ಲುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಗೇಟಿನ ಮುಂದೆ ನಿಂತ ಲಾರಿಗೆ ಅದರಿಂದ ತಂಪಿಲ್ಲ. ಅಲ್ಲಿ ಬೇಕಾದದ್ದನ್ನು ಗೇಟಿನ ಒಳಗಿನವರು ಕೊಡಬೇಕು. 150ಕ್ಕಿಂತ ಹೆಚ್ಚು ಕೆಲಸಗಾರರಿದ್ದರೆ ವಿಶ್ರಾಂತಿ ಕೋಣೆ, 250ಕ್ಕಿಂತ ಹೆಚ್ಚಿದ್ದರೆ ಕ್ಯಾಂಟೀನು ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಆ ಕಾರ್ಖಾನೆಯ ಕಚ್ಚಾ ಮಾಲು ತಂದು, ಸಿದ್ಧ ಮಾಲು ಒಯ್ಯುವವನು ಆ ಎಣಿಕೆಯಲ್ಲಿಲ್ಲ. ಹೊರಗೆ ಟೋಕನ್ ಹಿಡಿದು ನಿಂತವರನ್ನೂ ಅದರಲ್ಲಿ ಸೇರಿಸಿ, ಕ್ಯಾಂಟೀನು, ಬಚ್ಚಲುಗಳ ಬಾಗಿಲನ್ನು ಅವರಿಗೂ ತೆರೆಯಬೇಕು ಎಂಬ ಒಂದು ಸಾಲಿನ ನಿಯಮಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ರಸ್ತೆಯೂ ಬೇಡ.