ಬೀಗ ಒಡೆಯದ ಕಳ್ಳತನ

ಮೇ 12, 2025, ಸೋಮವಾರ

ಎದುರು ಮನೆ ಮೇಷ್ಟ್ರು ನಂಜನಗೂಡಿನ ಮದುವೆ ಮುಗಿಸಿ ಬಂದು ಬೀಗ ತೆಗೆದರೆ ಒಳಗೆ ಬೀರು ಖಾಲಿ. ಬಾಗಿಲಿಗೆ ಹಾಕಿದ ಬೀಗ ಹಾಕಿದ ಹಾಗೇ ಇತ್ತಂತೆ. ಶ್ವಾನದಳದ ನಾಯಿ ಮೂಲೆ ಅಂಗಡಿವರೆಗೆ ಹೋಗಿ ನಿಂತಿತು. ಪಂಚನಾಗಿ ನನ್ನನ್ನೇ ಕರೆದರು. ಬೀಗ, ಚಿಲಕ, ಕಿಟಕಿ ಸರಳು ಯಾವುದಕ್ಕೂ ಜಖಂ ಆಗಿಲ್ಲವೆಂದು ಮಹಜರಿನಲ್ಲಿ ಒಂದು ಸಾಲು. ಕಂಡದ್ದೂ ಅದೇ, ಸಹಿ ಹಾಕಿದೆ.

ಮೇ 13, ಮಂಗಳವಾರ

ಪೇದೆ ಮೊದಲು ಕೇಳಿದ್ದು, ‘ಕೆಲಸದವಳು ಯಾರು?’ ಬೀದಿಯೂ ಅದನ್ನೇ ಹಿಡಿದುಕೊಂಡಿದೆ. ಆಕೆಯ ಹತ್ತಿರ ಕೀ ಇರಲೇ ಇಲ್ಲ! ಇದ್ದವರು ಯಾರ್ಯಾರು ಅಂತ ಸಂಜೆ ಮೇಷ್ಟ್ರನ್ನು ಕೂರಿಸಿಕೊಂಡು ಕೇಳಿದೆ. ಹಿಂದೆ ಬಾಡಿಗೆಗಿದ್ದ ಹುಡುಗರು ಕೀ ವಾಪಸ್ ಕೊಟ್ಟು ಹೋದರು, ಬೀಗ ಮಾತ್ರ ಅದೇ ಉಳಿಯಿತು. ನಕಲು ಮಾಡಿಸಿಟ್ಟುಕೊಂಡಿದ್ದರೆ? ಕೊಡೆ ಕೆಳಗೆ ಕೂತು ಕೀ ಮಾಡುವವನು ಇದು ಯಾರ ಮನೆಯದೆಂದು ಕೇಳುತ್ತಾನೆಯೇ? ಬಣ್ಣ ಬಳಿಯಲು ಬಂದವರ ಕೈಗೆ ಗೊಂಚಲನ್ನೇ ಕೊಟ್ಟಿದ್ದರು. ಗಿಡಕ್ಕೆ ನೀರು ಹಾಕುವವರಿಗೆಂದು ಮೀಟರ್ ಬೋರ್ಡಿನ ಮೇಲೊಂದು. ತಂಗಿ ಮಗನ ಬಳಿ ಮತ್ತೊಂದು. ಆ ಮಾತು ಬಂದಾಗ ಮೇಷ್ಟ್ರ ಮನೆಯವರು ಎದ್ದು ಕಾಫಿ ಮಾಡಲು ಹೋದರು.

ಕೀ ಯಾಕೆ, ಹಿತ್ತಿಲ ಬಾಗಿಲ ಪಕ್ಕದಲ್ಲೇ ಅಡುಗೆಮನೆ ಕಿಟಕಿ. ತೆರೆದಿದ್ದರೆ ಸರಳಿನ ನಡುವೆ ಕೈ ತೂರಿಸಿ ಚಿಲಕ ತೆಗೆಯಬಹುದು, ಹೋಗುವಾಗ ಹಾಗೇ ಹಾಕಿಯೂ ಹೋಗಬಹುದು. ಹೊಗೆ ಹೋಗಲೆಂದು ಅದು ಸದಾ ತೆರೆದೇ ಇರುತ್ತದೆ.

ಮೇ 16, ಶುಕ್ರವಾರ

ಠಾಣೆಯಲ್ಲಿ ಬರೀ ಮನೆಕಳವು ಅಂತ ಬರೆದುಕೊಂಡಿದ್ದರು. ‘ಏನೂ ಒಡೆದಿಲ್ಲವಲ್ಲ ಸಾರ್, ಕನ್ನ ಎಲ್ಲಿ ಬಂತು?’ ಭಾರತೀಯ ನ್ಯಾಯ ಸಂಹಿತೆಯ 330 ತೆಗೆದು ತೋರಿಸಿದೆ. ಕಳ್ಳತನಕ್ಕೆಂದು ಬೀಗ ತೆರೆದು ಒಳನುಗ್ಗಿದರೂ ಕನ್ನವೇ. 1860ರ ದಂಡಸಂಹಿತೆಯ 445ರಲ್ಲಿದ್ದ ಉದಾಹರಣೆಗಳು ಇಲ್ಲಿಗೂ ಬಂದಿವೆ: ಮನೆಯವರು ಕಳೆದುಕೊಂಡ ಕೀ ಸಿಕ್ಕಿ ಅದರಿಂದಲೇ ಬಾಗಿಲು ತೆಗೆದವನು, ಬಾಗಿಲ ತೂತಿನಲ್ಲಿ ತಂತಿ ತೂರಿಸಿ ಅಗಳಿ ಎತ್ತಿದವನು. ಬರೆದವರಿಗೆ ಕಳ್ಳರ ಪರಿಚಯ ಚೆನ್ನಾಗಿಯೇ ಇತ್ತು ಅನ್ನಿಸುತ್ತದೆ. ಆದರೆ ಬಾಗಿಲು ಹಾರುಹೊಡೆದಿದ್ದು ಸುಮ್ಮನೆ ನಡೆದು ಬಂದವನದು ಕಳವು ಮಾತ್ರ, ಕನ್ನವಲ್ಲ.

ಮೇ 19, ಸೋಮವಾರ

ಮೇಷ್ಟ್ರು ವಿಮೆ ಕಾಗದ ಹಿಡಿದು ಬಂದರು. ನನಗೆ ಭಯವಿದ್ದದ್ದೇ ಇದು. ಬಲವಂತದಿಂದ, ಹಿಂಸೆಯಿಂದ ಒಳಹೊಕ್ಕು ಮಾಡಿದ ಕಳವಿಗಷ್ಟೇ ಪರಿಹಾರ ಎಂದು ಪಾಲಿಸಿಯಲ್ಲಿದ್ದರೆ, ಬಲಪ್ರಯೋಗ ನಡೆಯದೆ ಹಣ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಠಾಣೆಗೆ ಕನ್ನವಾದದ್ದು ವಿಮೆಯವರಿಗೆ ಕನ್ನವಲ್ಲ. ‘ಕಳ್ಳ ಬಾಗಿಲನ್ನಾದರೂ ಒಡೆದಿದ್ದರೆ ದುಡ್ಡು ಬರ್ತಿತ್ತಲ್ಲ ವಕೀಲರೇ!’ ಎಂದರು. ಮಹಜರಿನ ಸಾಲನ್ನು ತಿದ್ದಿಸಲು ಬರುತ್ತದೆಯೇ ಎಂದು ಅವರ ಮನೆಯವರು ಮೆಲ್ಲಗೆ ಕೇಳಿದರು. ಬರುವುದಿಲ್ಲ ಎಂದೆ.

ಅವರು ತಂದದ್ದು ಮೊದಲ ಹಾಳೆ ಮಾತ್ರ. ಪೂರ್ತಿ ಪಾಲಿಸಿ ತರಿಸಲು ಹೇಳಿದ್ದೇನೆ. ಬರೀ ಕಳವಿಗೂ ಎಲ್ಲಾದರೂ ಬೇರೆ ಕಲಮು ಇದೆಯೇ ನೋಡಬೇಕು.