ಟೈರಿನ ವಿಚಾರ ಗಂಡಸರದೇ ಏಕೆ?

ಸೀರೆ ಕೊಳ್ಳುವಾಗ ಬಣ್ಣ ಬಿಡುತ್ತದೆಯೇ, ಅಂಚು ಗಟ್ಟಿಯೇ ಎಂದು ನಾಲ್ಕು ಸಲ ತಿರುಗಿಸಿ ನೋಡುವವರು ನಾವು. ಬೇಳೆಯನ್ನು ಅಂಗೈಗೆ ಹಾಕಿ ನೋಡದೆ ತರುವುದಿಲ್ಲ. ಆದರೆ ಸಾವಿರಾರು ರೂಪಾಯಿ ಬೀಳುವ ಟ್ರೇಲರಿನ ಟೈರಿನ ಮಾತು ಬಂತೆಂದರೆ, "ಅದು ಗಂಡಸರ ವ್ಯವಹಾರ" ಎಂದು ಎದ್ದು ಒಳಗೆ ಹೋಗುತ್ತೇವೆ. ಏಕೆ ಹೋಗಬೇಕು ಹೇಳಿ? ಆ ಟ್ರೇಲರಿನಲ್ಲಿ ಬರುವುದು ನಮ್ಮ ಮನೆಯ ಅನ್ನವೇ ಅಲ್ಲವೇ?

ನಮ್ಮ ಉಡುತಡಿ ಅಕ್ಕಮಹಾದೇವಿ ಹುಟ್ಟಿದ ಊರೆಂದು ಹೆಸರಾದದ್ದು. ಸುತ್ತಲಿನ ಶಿಕಾರಿಪುರ, ಸೊರಬದ ಕಡೆಯೆಲ್ಲ ಭತ್ತ, ಮೆಕ್ಕೆಜೋಳ, ಶುಂಠಿ, ಅಡಿಕೆ. ಹಿಂದೆ ಎತ್ತಿನ ಗಾಡಿಯೇ ಇವನ್ನೆಲ್ಲ ಹೊರುತ್ತಿತ್ತು. ಕಮ್ಮಾರರು ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಅದು ಹಿಗ್ಗಿದಾಗ ಮರದ ಗಾಲಿಗೆ ಕೂರಿಸಿ ನೀರು ಸುರಿಯುತ್ತಿದ್ದರು. ತಣ್ಣಗಾದೊಡನೆ ಪಟ್ಟಿ ಬಿಗಿಯಾಗಿ ಹಿಡಿಯುತ್ತಿತ್ತು. ಪಟ್ಟಿ ಸವೆದರೆ ಕಣ್ಣಿಗೇ ಕಾಣುತ್ತಿತ್ತು. ರಬ್ಬರ್ ಟೈರು ಹಾಗಲ್ಲ ಕಣ್ರೀ.

ಟ್ರೇಲರು ಸುಗ್ಗಿಯಲ್ಲಿ ಹಗಲೂ ರಾತ್ರಿ ಓಡುತ್ತದೆ. ಉಳಿದ ತಿಂಗಳುಗಳಲ್ಲಿ ಹಿತ್ತಿಲಲ್ಲಿ ಬಿಸಿಲು ಮಳೆಗೆ ನಿಂತಿರುತ್ತದೆ. ಹೀಗಾಗಿ ಅದರ ಟೈರು ಸವೆದು ಹೋಗುವ ಮೊದಲೇ ಹಳತಾಗುತ್ತದೆ. ಮೇಲಿನ ಹಲ್ಲು ಚೆನ್ನಾಗಿಯೇ ಕಾಣುತ್ತದೆ, ಪಕ್ಕದ ರಬ್ಬರು ಮಾತ್ರ ಒಣಗಿದ ಕೆರೆಯ ತಳದ ಹಾಗೆ ಬಿರಿದಿರುತ್ತದೆ. ನಮ್ಮ ಟ್ರೇಲರಿನ ಎರಡೂ ಟೈರು ಕಳೆದ ಸುಗ್ಗಿಯ ಮೊದಲು ಹೀಗೇ ಆಗಿದ್ದವು.

ನಮ್ಮ ಯಜಮಾನರದು ಒಂದೇ ಹಟ. "ರೀಸೋಲ್ ಟೈರು ಹಾಕಿಸಿದ್ರಾಯ್ತು. ಉಳಿದ ದುಡ್ಡು ಮಗಳ ಹಾಸ್ಟೆಲಿಗೆ ಆಗುತ್ತೆ." ಮಗಳು ಶಿವಮೊಗ್ಗದಲ್ಲಿ ಓದುತ್ತಾಳೆ, ಕಂತು ಕಟ್ಟುವ ದಿನ ಹತ್ತಿರ ಬಂದಿತ್ತು. ಅವರ ಮಾತು ತಪ್ಪೆಂದು ಹೇಗೆ ಹೇಳಲಿ?

ರೀಸೋಲ್ ಎಂದರೆ, ಕೆಲವರು ರಿಬಟನ್ ಎನ್ನುತ್ತಾರೆ, ಸವೆದ ಟೈರಿನ ಮೇಲೆ ಹೊಸ ರಬ್ಬರಿನ ಹಲ್ಲು ಕೂರಿಸುವುದು. ಒಳಗಿನ ಒಡಲು ಗಟ್ಟಿಯಿದ್ದರೆ ಅದೇನೂ ಕೆಟ್ಟದ್ದಲ್ಲ. ಗಟ್ಟಿ ಸೀರೆಗೆ ಹೊಸ ಫಾಲ್ ಹಚ್ಚಿದ ಹಾಗೆ. ಆದರೆ ನಮ್ಮ ಟೈರಿನ ಪಕ್ಕವೇ ಬಿರಿದಿತ್ತು. ಪಿಸುಕಿದ ಸೀರೆಗೆ ಫಾಲ್ ಹಚ್ಚಿ ಏನು ಬಂತು? ಇನ್ನು ಬೇರೆಯವರ ಹಳೇ ಟೈರಿಗೆ ಹಲ್ಲು ಕೂರಿಸಿದ್ದನ್ನು ತಂದರೆ, ಅದು ಎಷ್ಟು ಭಾರ ಹೊತ್ತಿತ್ತೋ, ಎಷ್ಟು ವರ್ಷದ್ದೋ ಬಲ್ಲವರು ಯಾರು? ಇಷ್ಟು ಕೇಳಿದ ಮೇಲೆ ಅವರೂ ಸುಮ್ಮನಾದರು. ನನ್ನ ಹಾಲಿನ ದುಡ್ಡು, ಅಡಿಕೆ ಸುಲಿದು ಕೂಡಿಟ್ಟ ದುಡ್ಡು ಎರಡೂ ಸೇರಿಸಿ ಹಾಸ್ಟೆಲಿನ ಕಂತು ಕಟ್ಟಿದೆವು. ಹೊಸ ಟೈರು ತರಲು ನಾನೂ ಜೊತೆಗೆ ಹೋದೆ.

ಅಂಗಡಿಯಲ್ಲಿ ನೋಡಬೇಕಾದ್ದು ಬಹಳವಿಲ್ಲ. ಮೊದಲು ಅಳತೆ. ಹಳೇ ಟೈರಿನ ಮೇಲಿನ 9.00-16 ಎಂಬಂಥ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅದರ ಪಕ್ಕದಲ್ಲಿ 14 ಪಿಆರ್, 16 ಪಿಆರ್ ಎಂದಿರುತ್ತದೆ. ಅದು ಟೈರಿನ ತಾಕತ್ತಿನ ಗುರುತು. ಹಳೆಯದಕ್ಕಿಂತ ಕಡಿಮೆಯದನ್ನು ಅಗ್ಗವೆಂದು ತರಬೇಡಿ. ಟ್ರ್ಯಾಕ್ಟರಿನ ಹಿಂದಿನ ಗಾಲಿ ಕೆಸರಿನಲ್ಲಿ ಎಳೆಯಬೇಕು, ಅದಕ್ಕೆ ದೊಡ್ಡ ಹಲ್ಲು ಬೇಕು. ಟ್ರೇಲರಿನ ಗಾಲಿ ಸುಮ್ಮನೆ ಉರುಳುವಂಥದ್ದು. ಅದಕ್ಕೆ ಭಾರ ಹೊರುವ ಶಕ್ತಿ ಮುಖ್ಯ. ಒಂದೇ ಅಚ್ಚಿಗೆ ಒಂದು ಹೊಸದು, ಒಂದು ಹಳೆಯದು ಹಾಕಿದರೆ ಭಾರ ಸಮನಾಗಿ ಬೀಳುವುದಿಲ್ಲ. ಜೋಡಿಯನ್ನೇ ಬದಲಿಸಿ, ಟ್ಯೂಬನ್ನೂ ಹೊಸದು ಹಾಕಿಸಿ.

ಇನ್ನು ತಾರೀಖು. ಗ್ಯಾಸ್ ಸಿಲಿಂಡರ್ ಬಂದಾಗ ಬಿ-28 ಎಂದಿದ್ದರೆ 2028ರ ಜೂನ್‌ವರೆಗೆ ಎಂದು ನಾವು ಓದುವುದಿಲ್ಲವೇ? ಟೈರಿನ ಪಕ್ಕದಲ್ಲೂ ನಾಲ್ಕು ಅಂಕಿ ಇರುತ್ತದೆ. 3225 ಎಂದಿದ್ದರೆ 2025ನೇ ಇಸವಿಯ 32ನೇ ವಾರದಲ್ಲಿ ತಯಾರಾದದ್ದು. ಒಂದು ಪಕ್ಕದಲ್ಲಿ ಕಾಣದಿದ್ದರೆ ಇನ್ನೊಂದು ಪಕ್ಕ ತಿರುಗಿಸಲು ಹೇಳಿ. ಅಂಗಡಿಯಲ್ಲೇ ವರ್ಷಗಟ್ಟಲೆ ಕೂತ ಟೈರು ನಮಗೇಕೆ?

ತಂದ ಮೇಲೂ ಆರೈಕೆ ಬೇಕು. ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗಲೇ ನೋಡಿಸಿ. ಗಾಳಿ ಕಮ್ಮಿಯಿದ್ದು ಭಾರ ಜಾಸ್ತಿಯಾದರೆ ಪಕ್ಕದ ರಬ್ಬರು ಮಡಚಿ ಮಡಚಿ ಕಾದು ಸಿಡಿಯುತ್ತದೆ. ಕೆಲಸವಿಲ್ಲದ ತಿಂಗಳುಗಳಲ್ಲಿ ಟ್ರೇಲರನ್ನು ನೆರಳಿಗೆ ನಿಲ್ಲಿಸಿ, ಅಚ್ಚಿನ ಕೆಳಗೆ ಮರದ ದಿಮ್ಮಿ ಕೊಟ್ಟು, ಟೈರಿಗೆ ಗೋಣಿತಾಟು ಹೊದಿಸಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಟೈರು ಎಷ್ಟೇ ಹೊಸದಿರಲಿ, ಟ್ರೇಲರು ಇರುವುದು ಸರಕಿಗೆ. ಕಾನೂನೂ ಅದನ್ನೇ ಹೇಳುತ್ತದೆ. ಸಂಜೆ ಜೋಳದ ಚೀಲದ ಮೇಲೆ ಕೂತು ಬರುವ ಹೆಣ್ಣುಮಕ್ಕಳಿಗೆ ಹಿಡಿದುಕೊಳ್ಳಲು ಏನಿರುತ್ತದೆ? "ಎಲ್ರೂ ಕೂರಿಸ್ತಾರೆ, ನಾವೊಬ್ರೇ ಬಿಟ್ರೆ ಏನಾಗುತ್ತೆ?" ಎಂದರು ಯಜಮಾನರು. "ನಮ್ಮ ಮಗಳನ್ನ ಕೂರಿಸ್ತೀರಾ?" ಎಂದೆ. ಉತ್ತರ ಬರಲಿಲ್ಲ. ಈಗ ಕೆಲಸಕ್ಕೆ ಬರುವವರಿಗೆ ಆಟೋ ಹೇಳಿದ್ದೇವೆ. ಖರ್ಚು ಹೌದು, ಪ್ರತಿ ವಾರ ಅದರ ಲೆಕ್ಕಕ್ಕೆ ಗೊಣಗಾಟವೂ ಉಂಟು. ಚಂದ್ರಗುತ್ತಿ ಜಾತ್ರೆಗೂ ಬಸ್ಸಿನಲ್ಲೇ ಹೋಗುವುದೆಂದು ತೀರ್ಮಾನವಾಗಿದೆ.

ಮುಂದಿನ ಸಲ ನಿಮ್ಮ ಮನೆಯವರು ಟೈರು ತರಲು ಹೊರಟರೆ ನೀವೂ ಹೊರಡಿ. ಕನ್ನಡಕ ಮಾತ್ರ ಮರೀಬೇಡಿ, ಆ ಅಂಕಿ ಬಹಳ ಸಣ್ಣದು.