ಅತ್ತಿಗುಪ್ಪೆ: ಆರು ಮಾತ್ರೆಗಳ ನಿಲ್ದಾಣ

ಬೆಂಗಳೂರಿನ ಪಶ್ಚಿಮದಲ್ಲಿ, ವಿಜಯನಗರದ ಮಗ್ಗುಲಿಗೇ ಇರುವ ಬಡಾವಣೆ ಅತ್ತಿಗುಪ್ಪೆ. 2015ರ ನವೆಂಬರ್ 16ರಂದು ಮೆಟ್ರೋ ರೈಲು ಇಲ್ಲಿಗೆ ಬಂದಿತು. ಕೆಳಗೆ ಅಂಗಡಿಗಳ ಸಾಲು, ಬಸ್ಸುಗಳ ಗದ್ದಲ. ಮೇಲೆ ಕಂಬಗಳ ಮೇಲಣ ಹಾದಿಯಲ್ಲಿ ರೈಲಿನ ಓಟ. ರೈಲಿನೊಳಗೆ ನಿಲ್ದಾಣಗಳ ಹೆಸರುಗಳು ಒಂದೊಂದಾಗಿ ಕಿವಿಗೆ ಬೀಳುತ್ತವೆ. ಪ್ರಯಾಣಿಕರಿಗೆ ಅವು ಇಳಿಯುವ ಸೂಚನೆ ಮಾತ್ರ. ಹೊಸ ಬಗೆಯ ಪಾಪ್ ಗೀತೆಯನ್ನು ಕಟ್ಟಹೊರಟ ಸಂಗೀತಗಾರನಿಗಾದರೋ ಅವು ಸಿದ್ಧವಾದ ಲಯಗಳು.

ಶಾಲೆಯಲ್ಲಿ ಕಲಿತ ಛಂದಸ್ಸನ್ನು ಕೊಂಚ ನೆನೆದರೆ ಇದು ತಿಳಿಯುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರವೂ ಗುರುವೇ. ‘ಅತ್ತಿಗುಪ್ಪೆ’ ಎಂದು ಕೈತಟ್ಟಿ ನುಡಿದರೆ ಎರಡು-ಒಂದು, ಎರಡು-ಒಂದು. ಒಟ್ಟು ಆರು ಮಾತ್ರೆ. ಪಕ್ಕದ ‘ವಿಜಯನಗರ’ವೂ ಆರೇ, ಆದರೆ ಅಲ್ಲಿ ಎಲ್ಲವೂ ಲಘು. ಮೊದಲನೆಯದು ಕುಪ್ಪಳಿಸಿ ನಡೆಯುತ್ತದೆ, ಎರಡನೆಯದು ಮಣಿ ಉರುಳಿದಂತೆ ಓಡುತ್ತದೆ. ಇತ್ತ ‘ಮೈಸೂರು ರಸ್ತೆ’ಗೆ ಎಂಟು ಮಾತ್ರೆ, ನಾಲ್ಕು ಮತ್ತು ನಾಲ್ಕು.

ಪಾಪ್ ಗೀತೆಯ ಡ್ರಮ್ ಸಾಮಾನ್ಯವಾಗಿ ನಾಲ್ಕರ ಎಣಿಕೆಯಲ್ಲಿ ನುಡಿಯುತ್ತದೆ. ಅದರ ಮೇಲೆ ‘ಮೈಸೂರು ರಸ್ತೆ’ ತಾನಾಗಿ ಕುಳಿತುಕೊಳ್ಳುತ್ತದೆ, ‘ಅತ್ತಿಗುಪ್ಪೆ’ ಕೂರದು. ಆಗ ಸ್ವರವನ್ನು ಎಳೆದು ಸರಿಹೊಂದಿಸುವುದು ಸುಲಭದ ದಾರಿ. ಆದರೆ ಕನ್ನಡದಲ್ಲಿ ಎಳೆತ ಹೆಚ್ಚಿದರೆ ಅರ್ಥವೇ ಮಗುಚಿಕೊಳ್ಳುತ್ತದೆ. ಹುಡುಗಿಯ ಕೈಯ ಬಳೆ ಬಾಳೆಯಾಗುತ್ತದೆ! ಜಾಣ ಸಂಗೀತಗಾರ ಪದವನ್ನು ತಿರುಚದೆ ಎರಡು ಸಲ ಹಾಡಿಸುತ್ತಾನೆ. ಆರೆರಡು ಹನ್ನೆರಡು, ಡ್ರಮ್ಮಿನ ನಾಲ್ಕು ಮೂರು ಸಲ ಬಂದರೂ ಹನ್ನೆರಡೇ. ನಡುವೆ ಮಾತು ಒಂದೆಡೆ, ತಾಳ ಇನ್ನೊಂದೆಡೆ ಸೆಳೆದು, ಕೊನೆಗೆ ಎರಡೂ ಕೂಡಿಕೊಳ್ಳುತ್ತವೆ. ‘ದೀಪಾಂಜಲಿ ನಗರ’ದ ಒಂಬತ್ತು ಮಾತ್ರೆಗಳಿಗೆ ಮೂರು ಮಾತ್ರೆಗಳ ಮೌನ ಸೇರಿದರೆ ಅದೂ ಈ ಕೂಟಕ್ಕೆ ಬರುತ್ತದೆ.

ಮುಂದಿನ ಕೆಲಸ ಪದರ ಪದರವಾಗಿ ಸಾಗುತ್ತದೆ. ಮುದ್ರಿಸಿದ ಒಂದು ನುಡಿಯನ್ನು ಕಂಪ್ಯೂಟರು ಮತ್ತೆ ಮತ್ತೆ ತಿರುಗಿಸುತ್ತದೆ. ಅದರ ಕೆಳಗೆ ಮಂದ್ರದ ಗಿಟಾರ್, ಮೇಲೆ ಇನ್ನೊಂದು ಕಂಠ. ಕಡೆಯಲ್ಲಿ, ಮಾತನ್ನು ಮುಚ್ಚುವ ನಾದವನ್ನೆಲ್ಲ ತೆಗೆದುಹಾಕುವುದೂ ರಚನೆಯ ಭಾಗವೇ.

ಕನ್ನಡಕ್ಕೆ ಈ ಸಾಹಸ ಹೊಸತಲ್ಲ. 1987ರ ‘ಪ್ರೇಮಲೋಕ’ ಚಿತ್ರಕ್ಕೆ ಸಾಹಿತ್ಯ, ಸಂಗೀತ ಎರಡನ್ನೂ ಒದಗಿಸಿದ ಹಂಸಲೇಖ ಅವರು ತರುಣರ ಆಡುಮಾತನ್ನೇ, ಅದರ ಸವಾಲು-ಜವಾಬುಗಳೊಡನೆ, ಹಾಡಾಗಿಸಿದರು. ಮಾತೂ ಮಟ್ಟೂ ಒಂದೇ ಕೈಯಿಂದ ಹುಟ್ಟಿದುದರಿಂದ ಒಂದಕ್ಕಾಗಿ ಇನ್ನೊಂದು ಬಾಗಬೇಕಾಗಲಿಲ್ಲ. 2008ರ ತಮ್ಮ ಮೊದಲ ಗೀತಸಂಪುಟದಲ್ಲಿ ರಘು ದೀಕ್ಷಿತ್ ಅವರು ಹತ್ತೊಂಬತ್ತನೆಯ ಶತಮಾನದ ಶಿಶುನಾಳ ಶರೀಫರ ತತ್ತ್ವಪದಗಳನ್ನು ಗಿಟಾರಿನೊಡನೆ ಹಾಡಿದರು. ವಾದ್ಯ ಬದಲಾದರೂ ಧಾರವಾಡ ಸೀಮೆಯ ನುಡಿ ಅಳಿಯಲಿಲ್ಲ.

ಕನ್ನಡ ಶಾಲೆಯ ಪುಸ್ತಕದಲ್ಲಷ್ಟೇ ಉಳಿಯದೆ ತರುಣರ ನಾಲಗೆಯ ಮೇಲೆ ನಲಿಯಬೇಕಾದರೆ ಇಂಥ ಹಾಡುಗಳು ಬೇಕು. ಈ ಹಾದಿಯಲ್ಲಿ ಮಕ್ಕಳೊಡನೆ ಪ್ರಯಾಣ ಮಾಡುವವರು ನಿಲ್ದಾಣದ ಹೆಸರುಗಳಿಗೆ ಮೆಲ್ಲಗೆ ತಾಳ ಹಾಕಿಸಿ ನೋಡಬಹುದು. ಮೈಸೂರು ರಸ್ತೆ ತಲಪುವುದರೊಳಗೆ ಒಂದು ಪಲ್ಲವಿಯೇ ಹುಟ್ಟಿದರೆ ಆಶ್ಚರ್ಯವಿಲ್ಲ.